ಗೂಟದ ಪೆಲೆತನ ವಿಧೇಯತೆ

ಪಾಳೆಯದ ಆಚೆ ಕಲ್ಲುಗುಡ್ಡೆಯ ಮರೆಯಲ್ಲಿ ಬೆಳಗಿನ ಬಹಿರ್ದೆಸೆಯ ಕೆಲಸ ಮುಗಿಸಿ ಎದ್ದ ಪೆಲೆತ, ಗೂಟದಿಂದ ಗುಂಡಿಗೆ ಮಣ್ಣೆಳೆಯುತ್ತಿದ್ದ. ಗುಂಡಿಯ ಅಂಚು ಕುಸಿಯಿತು. ಏನೋ ಕಲ್ಲಿಗೆ ಬಡಿದು ಠಣ್ಣೆಂದು ಒಳಗೆ ಬಿತ್ತು. ಶತ್ರುವಿನ ಕತ್ತಿಯೇ ಇರಬೇಕೆಂದು ಕಾವಲುಗಾರ ಈಟಿ ಹಿಡಿದು ಓಡಿಬಂದ. ಪೆಲೆತನ ಅಂಗಿ ಇನ್ನೂ ಸೊಂಟದಿಂದ ಕೆಳಗಿಳಿದಿರಲಿಲ್ಲ.

"ಯಾವನೋ ಅದು?"

"ನಾನು ಕಣಣ್ಣ, ಗೂಟದ ಪೆಲೆತ. ಕಲ್ಲು ತಾಕ್ತು."

"ಮೊದ್ಲು ಬಟ್ಟೆ ಇಳ್ಸು ಮಾರಾಯ! ದೇವರು ಪಾಳೆಯದಲ್ಲಿ ಓಡಾಡ್ತಿರ್ತಾನೆ, ಏನಂದ್ಕೊಂಡಾನು?"

ಅವನು ಹೋದ ಮೇಲೆ ಪೆಲೆತ ಗುಂಡಿಗೆ ಇಣುಕಿದ. ಒಳಗಿಂದ ಗಾಬರಿಬಿದ್ದ ಗಡ್ಡದವನೊಬ್ಬ ಇವನನ್ನೇ ನೋಡುತ್ತಿದ್ದ. ಕಂಚಿನ ಕನ್ನಡಿ, ದಂತದ ಹಿಡಿ. ಮೂರು ದಿನದ ಹಿಂದೆ ಸುಟ್ಟ ಪಟ್ಟಣದ್ದೇ, ಅನುಮಾನವಿಲ್ಲ. ಅಲ್ಲಿಂದ ಒಂದು ಸೂಜಿಯನ್ನೂ ತರಕೂಡದು, ಎಲ್ಲವೂ ದೇವರಿಗೆ ಮೀಸಲು, ಮುಟ್ಟಿದವನು ಮನೆಮಂದಿ ಸಮೇತ ಬೂದಿ ಎಂದು ಆಜ್ಞೆಯಾಗಿತ್ತು. ಪೆಲೆತ ಕಣ್ಣು ಮುಚ್ಚಿಕೊಂಡು ಮಣ್ಣನ್ನೂ ಮುಚ್ಚಿದ.

ಇಸ್ರಾಯೇಲರ ಪಾಳೆಯದಲ್ಲಿ ಪ್ರತಿ ಗಂಡಸಿನ ನಡುವಿಗೂ ಒಂದು ಕತ್ತಿ, ಒಂದು ಗೂಟ. ಕತ್ತಿ ಶತ್ರುವಿಗೆ, ಗೂಟ ಗುಂಡಿಗೆ. ಕತ್ತಿ ವರ್ಷಕ್ಕೆರಡು ಸಲ ಹೊರಬಂದರೆ ಗೂಟ ದಿನವೂ ಬರಲೇಬೇಕು. ಜಾಲಿಮರದಲ್ಲಿ ಆ ಗೂಟಗಳನ್ನು ಕೆತ್ತಿ, ತಲೆಯ ಮೇಲೆ ಒಡೆಯನ ಗುರುತು ಕೊರೆದುಕೊಡುವುದು ಪೆಲೆತನ ಕಸುಬು. ಅವನ ಕೈಯಿಂದ ಇದುವರೆಗೆ ಸತ್ತದ್ದು ಬರೀ ಮರ. ಪ್ರತಿ ಯುದ್ಧಕ್ಕೂ ಮುಂಚೆ ಅಧಿಕಾರಿ ಕೂಗುವುದಿತ್ತು: ಹೊಸ ಮನೆ ಕಟ್ಟಿದವನು, ದ್ರಾಕ್ಷಿತೋಟ ಹಾಕಿದವನು, ಮದುವೆ ಗೊತ್ತಾದವನು, ಎದೆ ನಡುಗುವವನು ಹಿಂದಿರುಗಲಿ. ಹುಟ್ಟಿದಾಗಿನಿಂದ ಡೇರೆಯಲ್ಲೇ ಇರುವವರಿಗೆ ಎಲ್ಲಿಯ ಮನೆ, ಎಲ್ಲಿಯ ತೋಟ? ಪೆಲೆತ ಕೊನೆಯದಕ್ಕೆ ಪ್ರಾಮಾಣಿಕವಾಗಿ ಕೈಯೆತ್ತುತ್ತಿದ್ದ. ನಕ್ಕವರಿಗೆ, "ಆಜ್ಞೆ ಕಣ್ರಪ್ಪ, ಮೀರೋಕಾಗತ್ತಾ?" ಎನ್ನುತ್ತಿದ್ದ.

ಅದೇ ದಿನ ಗುಡ್ಡದ ಮೇಲಿನ ಪುಟ್ಟ ಊರಿಗೆ ದಾಳಿಗೆ ಹೋದವರು ಹತ್ತಿದ್ದಕ್ಕಿಂತ ಬೇಗ ಇಳಿದುಬಂದರು. ಹನ್ನೊಂದು ಮಂದಿ ಇಳಿಯಲೇ ಇಲ್ಲ. ಅಲ್ಲಿರುವುದು ನಾಲ್ಕು ಮುದುಕರು, ನಲವತ್ತು ಕುರಿ ಎಂದು ವರದಿ ತಂದಿದ್ದ ಗೂಢಚಾರರನ್ನು ಯಾರೂ ಏನೂ ಕೇಳಲಿಲ್ಲ. ಸೋಲಿಗೆ ತಪ್ಪು ಕಾರಣವಾದರೆ ಹಿರಿಯರು ಉತ್ತರ ಕೊಡಬೇಕು. ಪಾಪ ಕಾರಣವಾದರೆ ಯಾವನಾದರೂ ಪಾಪದವನು ಕೊಟ್ಟರಾಯಿತು. ಹಿರಿಯ ಮೆರಾಯೋತ ತಲೆಗೆ ಬೂದಿ ಸುರಿದುಕೊಂಡು ಸಾರಿದ: "ಯಾವನೋ ಮೀಸಲು ಮುಟ್ಟಿದಾನೆ! ನಾಳೆ ಬೆಳಿಗ್ಗೆ ಚೀಟು ಹಾಕ್ತೀವಿ. ದೇವರೇ ತೋರಿಸ್ಲಿ."

ಪೆಲೆತನ ಹೆಂಡತಿ ಹೊಗ್ಲಾ ಕೆಂಡದಿಂದ ಬಾರ್ಲಿ ರೊಟ್ಟಿ ತೆಗೆಯುತ್ತ ಕನ್ನಡಿಯ ಕಥೆ ಕೇಳಿದಳು.

"ಹೋಗಿ ಹೇಳ್ಬಿಡ್ರೀ."

"ನಿಂಗೆ ಹೆಂಗೆ ಗೊತ್ತು ಅಂತ ನನ್ನೇ ಹಿಡೀತಾರೆ ಕಣೆ."

"ಹೇಳ್ದೆ ಚೀಟು ನಮ್ಮೇಲೆ ಬಿದ್ರೆ? ನೀವು, ನಾನು, ಡೇರೆ, ಕತ್ತೆ, ಎಲ್ಲಾ ಸುಡ್ತಾರೆ. ಕತ್ತೆ ಏನ್ರೀ ಪಾಪ ಮಾಡಿತ್ತು?"

"ಸಾವಿರಾರು ಡೇರೆ ಇದಾವೆ. ನಮ್ಮೇಲೇ ಬೀಳತ್ತಾ?"

ಬಿತ್ತು. ಕುಲ, ಗೋತ್ರ, ಮನೆತನ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೆಟ್ಟಗೆ ಪೆಲೆತನ ತಲೆಯ ಮೇಲೇ ಬಿತ್ತು. ಸುಡುವ ಮುಂಚೆ ಹೊಡೆಯಲೆಂದು ಜನ ಕೈಗೆ ಹಿಡಿಸುವಂಥ ಕಲ್ಲುಗಳನ್ನು ಬೆಳಗ್ಗೆಯೇ ಆರಿಸಿಟ್ಟುಕೊಂಡಿದ್ದರು.

"ನಾ ಮುಟ್ಟಿಲ್ಲ ದೊಡ್ಡಪ್ಪಾ!" ಪೆಲೆತ ಮೆರಾಯೋತನ ಕಾಲಿಗೆ ಬಿದ್ದ. "ನೋಡಿದೀನಿ, ಮುಟ್ಟಿಲ್ಲ. ಕನ್ನಡಿ ಕಲ್ಲುಗುಡ್ಡೆ ಹಿಂದೆ ಮಣ್ಣಲ್ಲೇ ಇದೆ!"

ಇಬ್ಬರು ಓಡಿಹೋಗಿ ಬಂದರು. "ಹಿಡಿ ಕಾಣಿಸ್ತಿದೆ ಹಿರಿಯರೇ. ಮೀಸಲಿನದು ಅಂತ ನಾವೂ ಮುಟ್ಲಿಲ್ಲ. ಪಕ್ಕದ ಮಣ್ಣಲ್ಲಿ ಇದು ಸಿಕ್ತು."

ಮುರಿದ ಅರ್ಧ ಗೂಟ. ತಲೆಯ ಮೇಲೆ ಎರಡು ಅಡ್ಡಗೆರೆ, ಒಂದು ಚುಕ್ಕಿ. ಪೆಲೆತ ತಾನೇ ಕೊರೆದದ್ದು. ಮೊನ್ನೆ ತಾನೇ ಮೆರಾಯೋತನ ಅಳಿಯ ಅಲೆಮೆತ, ಹಳೆಯದು ಮುರಿಯಿತೆಂದು ಹೊಸ ಗೂಟ ಕೇಳಿಕೊಂಡು ಬಂದಿದ್ದ. "ಅಷ್ಟು ಆಳ ತೋಡೋಕೆ ಏನು ತಿಂದಿದ್ರಿ ಅಳಿಯಂದಿರೇ?" ಎಂದು ಪೆಲೆತ ನಗಾಡಿದ್ದ.

ಮೆರಾಯೋತ ಗುರುತು ನೋಡಿದ. ಅಳಿಯನನ್ನು ನೋಡಿದ. ಅಳಿಯ ಆಕಾಶ ನೋಡಿದ. ಪೆಲೆತ ಬಾಯಿ ತೆರೆಯುವಷ್ಟರಲ್ಲಿ ಹೊಗ್ಲಾ ಅವನ ತೋಳು ಚಿವುಟಿದಳು. ಅರ್ಧ ಗೂಟ ಹಿರಿಯನ ನಿಲುವಂಗಿಯೊಳಗೆ ಮಾಯವಾಯಿತು.

"ಪಾಪ ಸಿಕ್ಕಿದ್ದು ಮಣ್ಣಲ್ಲಿ," ಎಂದ ಮೆರಾಯೋತ, ಜೇನು ಸುರಿಯುವ ದನಿಯಲ್ಲಿ. "ಮಣ್ಣಿಗೆ ಮನೆಮಂದಿ ಇಲ್ಲ. ಚೀಟು ಸುಳ್ಳಾಡಲಿಲ್ಲ ಮಕ್ಕಳೇ! ಅದು ತೋರಿಸಿದ್ದು ಪಾಪೀನ ಅಲ್ಲ, ವಿಧೇಯನ್ನ!"

"ಮತ್ತೆ ಆ ಗೂಟ ಯಾರದು?" ಹಿಂದಿನಿಂದ ಯಾರೋ ಕೇಳಿದರು.

"ದೇವರ ಮಾತಾಡುವಾಗ ಗೂಟದ ಮಾತು ಯಾಕೋ?"

ಜನ ಕಲ್ಲುಗಳನ್ನು ಕೆಳಗಿಟ್ಟರು, ಸ್ವಲ್ಪ ಬೇಸರದಿಂದಲೇ. ಪೆಲೆತನನ್ನು ಮೆರಾಯೋತ ಬಂಡೆಯ ಮೇಲೆ ಹತ್ತಿಸಿ, ಹೆಗಲ ಮೇಲೆ ಕೈಯಿಟ್ಟ.

"ನೋಡಿ ಇವನನ್ನ! ದಂತದ ಹಿಡಿ, ಕಂಚಿನ ಕನ್ನಡಿ, ಸುತ್ತ ನರಪಿಳ್ಳೆ ಇಲ್ಲ. ಆದ್ರೂ ಕೈ ಚಾಚಲಿಲ್ಲ! ಹೇಳಪ್ಪಾ ಪೆಲೆತ, ಎಲ್ಲರಿಗೂ ಕೇಳೋ ಹಾಗೆ ಹೇಳು. ಆ ಗಳಿಗೇಲಿ ನಿನ್ನ ಕೈ ತಡೆದದ್ದು ಏನು?"

ಪೆಲೆತ ಹೊಗ್ಲಾಳ ಕಡೆ ನೋಡಿದ. ಈ ಸಲ ತೋಳು ಅವಳ ಕೈಗೆ ಎಟುಕುತ್ತಿರಲಿಲ್ಲ.

"ನನ್ನ ಕೆಲಸ ಆಗ್ಹೋಗಿತ್ತು ದೊಡ್ಡಪ್ಪ," ಎಂದ. "ಕನ್ನಡಿ ಬಿದ್ದಿದ್ದು ಅದರ ಮೇಲೇ."