ಬೆನ್ನು ತಿರುಗಿಸಿ ನಿಂತವಳು

ಸೂಜಿಯಕ್ಕನ ಹೆಚ್ಚುವರಿ ದುಡಿಮೆಯ ಕೂಲಿ ಇವತ್ತಿಗೂ ಬಂದಿಲ್ಲ. ನೆರೆದೇಶದವರು ರಾಕೆಟ್ ಹಾರಿಸಿದ್ದೇ ತಡ, ನಮ್ಮ ದೊರೆಗಳಿಗೆ ನಿದ್ದೆ ಕೆಟ್ಟಿತು. ಮುಂದಿನ ವರ್ಷ ಹಾರಬೇಕಿದ್ದ ನಮ್ಮ ರಾಕೆಟ್ ಚುನಾವಣೆಗೆ ಮುಂಚೆಯೇ ಹಾರಬೇಕೆಂದು ಅಪ್ಪಣೆಯಾಯಿತು. ಆ ಅವಸರದ ಕೂಲಿ ಅದು.

ಅವಳದು ಹೊಲಿಗೆ ಕೆಲಸ. ಉಪಗ್ರಹಕ್ಕೆ ಬಿಸಿಲು, ಚಳಿ ತಾಗದಂತೆ ಹೊದಿಸುವ ಹೊದಿಕೆ. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಬೆಳ್ಳಿ ಬಣ್ಣದ ಹಾಳೆ, ನಡುವೆ ಬಲೆ, ಮೇಲೆ ಮತ್ತೆ ಹಾಳೆ. ಕೆಮ್ಮು ಬಂದರೆ ಕೋಣೆಯಿಂದಾಚೆ ಓಡಬೇಕು.

"ಮದುವೆ ಹೆಣ್ಣಿಗೂ ಇಷ್ಟು ಉಪಚಾರ ಇಲ್ಲ ಅತ್ತಿಗೆ," ಎಂದು ಪಕ್ಕದ ಮೇಜಿನ ನಾದಿನಿ ಗೊಣಗುತ್ತಿದ್ದಳು.

"ನಿಮ್ಮಣ್ಣನ ಅಂಗಿಗೆ ಒಂದು ಗುಂಡಿ ಹಾಕೋಕೆ ಪುರುಸೊತ್ತಿಲ್ಲ, ಇದಕ್ಕೆ ನೋಡು!"

ಕೂಲಿ ಕೇಳಿದಾಗ ಮೇಲ್ವಿಚಾರಕ, "ದೇಶದ ಮಾನದ ಪ್ರಶ್ನೆ, ಚಿಲ್ಲರೆ ಮಾತಾಡಬೇಡಿ," ಎಂದ. ಕೆಲಸಗಾರರ ಸಂಘ ಸೇರಿ ತೀರ್ಮಾನಿಸಿತು: ಉಡಾವಣೆಯ ಸಂಜೆ ಬೇಲಿಯಾಚೆ ಎಲ್ಲರೂ ರಾಕೆಟ್ಟಿಗೆ ಬೆನ್ನು ಹಾಕಿ ನಿಲ್ಲುವುದು. ಬೆನ್ನ ಮೇಲೆ 'ಕೂಲಿ ಕೊಡಿ' ಎಂಬ ಬಟ್ಟೆಯ ಅಕ್ಷರ. ಬೇಲಿಯೊಳಗಿನಿಂದ ಜನರ ಕಡೆ ಹಿಡಿದ ಕ್ಯಾಮೆರಾಗಳಿಗೆ ಅದೇ ಕಾಣಬೇಕು. ಅಕ್ಷರಗಳನ್ನು ಹೊಲಿದವಳೂ ಸೂಜಿಯಕ್ಕನೇ. "ಯಾರಾದ್ರೂ ತಿರುಗಿದ್ರೆ ಎಲ್ಲಾ ಮಣ್ಣುಪಾಲು," ಎಂದು ಕಾರ್ಯದರ್ಶಿ ಎಚ್ಚರಿಸಿದ್ದ.

ನಿಂತರು. ಮೊದಲು ಬೆಳಕು ಬಂತು. ಮಬ್ಬುಗತ್ತಲಲ್ಲಿ ಅವಳ ನೆರಳು ಅವಳ ಕಾಲಡಿಯಿಂದೆದ್ದು ಹುಲ್ಲಿನ ಮೇಲೆ ಉದ್ದಕ್ಕೆ ಚಾಚಿಕೊಂಡಿತು. ಸದ್ದೇ ಇಲ್ಲ. ಆಮೇಲೆ ನೆಲ ನಡುಗಿತು, ಪಾದದಿಂದ ಮಂಡಿಗೆ, ಮಂಡಿಯಿಂದ ಎದೆಗೆ ಗುಡುಗು ಹತ್ತಿತು. ಹಲ್ಲು ಕಚ್ಚಿ ನಿಂತಳು. ಮುಂದಿದ್ದ ನೆರಳು ಮೋಟಾಗುತ್ತಾ ಬಂತು. ರಾಕೆಟ್ ಏರುತ್ತಿದೆ! ತನ್ನ ಬೆರಳು ಹಾಕಿದ ಹೊಲಿಗೆ, ಮೋಡ ದಾಟಿ, ಗಾಳಿಯೂ ಇಲ್ಲದ ಕಡೆಗೆ ಹೋಗುತ್ತಿದೆ.

ಅವಳು ತಿರುಗಿದಳು.

ಉರಿಯುವ ಕಂಬವೊಂದು ಆಕಾಶವನ್ನು ಸೀಳಿಕೊಂಡು ಹೋಗುತ್ತಿತ್ತು. ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಕಣ್ಣು ತುಂಬಿದ್ದೂ ತಿಳಿಯಲಿಲ್ಲ. ಸಾಲಿಗೆ ಸಾಲೇ ಅವಳ ಹಿಂದೆ ತಿರುಗಿತು.

ವಾರ ಕಳೆಯುವಷ್ಟರಲ್ಲಿ ಬೀದಿ ಬೀದಿಯ ಗೋಡೆಗಳಲ್ಲಿ ಅವಳ ಮುಖ ಬಂತು. ಪಕ್ಕದಲ್ಲಿ ನಾಯಕರ ನಗು. ಕೆಳಗೆ, 'ತಲೆಯೆತ್ತಿದ ಜನತೆ! ನಿಮ್ಮ ಮತ ನಮಗೇ.'

ಕಾರ್ಯದರ್ಶಿ ಕಿಡಿಕಿಡಿಯಾದ. "ಒಂದು ಗಳಿಗೆ ತಡಕೊಳ್ಳೋಕೆ ಆಗ್ಲಿಲ್ವಾ ಅಕ್ಕ?"

"ಆಗ್ಲಿಲ್ಲ. ನಿನ್ನ ಕೈಲಿ ಆಯ್ತಾ?"

ಅವನೂ ತಿರುಗಿ ನೋಡಿದವನೇ.

"ಅಷ್ಟು ದೊಡ್ಡದನ್ನ ನೋಡದೆ ಸಾಯೋಕೆ ನಾನೇನು ಕಲ್ಲಾ? ನಾಳೆ ಹಾರಿದ್ರೂ ನೋಡ್ತೀನಿ. ಆ ಬೆರಗು ನಂದು ಕಣೋ. ಅದನ್ನ ಅವರಿಗೆ ಬರ್ಕೊಟ್ಟೋರು ಯಾರು?"

ಮರುದಿನ ಬೆಳಗ್ಗೆ ಅಂಟಿನ ಬಕೆಟ್ ಹಿಡಿದು ಹೊರಟಳು. ಹಿಂದೆ ನಾದಿನಿ, "ಅತ್ತಿಗೆ, ಫೋಟೋದಲ್ಲಿ ಮೂಗು ದಪ್ಪ ಬಂದಿದೆ," ಎಂದು ನಗುತ್ತಾ ಏಣಿ ಹೊತ್ತಿದ್ದಳು. ತನ್ನ ಮುಖಕ್ಕೆ ಸೂಜಿಯಕ್ಕ ಮಸಿ ಬಳಿಯಲಿಲ್ಲ, ಹರಿಯಲೂ ಇಲ್ಲ. ಗಲ್ಲದ ಕೆಳಗೆ, ಅವರ ಬರಹದ ಮೇಲೆ, ಒಂದು ಚೀಟಿ ಅಂಟಿಸಿದಳು: 'ನೋಡಿದ್ದು ನಿಜ. ಮತ ಕೊಟ್ಟಿಲ್ಲ.'

ಆ ಪೋಸ್ಟರ್ ನಿಮ್ಮ ಬೀದಿಯಲ್ಲೂ ಇದೆ. ದಿನಾ ಅದರ ಕೆಳಗೇ ನಡೆಯುತ್ತೀರಿ. ಚೀಟಿ ನಾವು ಸಂಘದವರು ಕೊಡುತ್ತೇವೆ. ಏಣಿ ತನ್ನಿ, ಹತ್ತಿ ಅಂಟಿಸಿ.