ಗಂಗತ್ತೆಯ ಕಲ್ಲು ಚಕ್ಲಿ

ಗಂಗತ್ತೆ ನಡೆಯುವಾಗ ಎಡಗಡೆಗೆ ವಾಲುತ್ತಿದ್ದಳು. ಸೊಂಟನೋವಲ್ಲ, ಕಾಲು ಗಿಡ್ಡವೂ ಅಲ್ಲ. ಕೆಂಪು ಸೀರೆಯ ಮಡಿಲ ತುಂಬ ಕಲ್ಲು. ಐವತ್ತೆಂಟನೇ ಇಸವಿಯಲ್ಲಿ ಹೊನ್ನಾವರದ ಆ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ತೆಂಗಿನಕಾಯಿ ಹೊತ್ತು ತರುತ್ತಿದ್ದಾಳೆಂದುಕೊಂಡು ಕೈಚಾಚಿದರೆ, "ಬ್ಯಾಡ ತಂಗಿ, ಹೊಸ ಬಳೆ ಒಡೆದು ಹೋಗ್ತು" ಎಂದು ನಕ್ಕು ಹಿತ್ತಿಲಿಗೆ ಹೋಗಿ ದಡದಡ ಸುರಿದಳು. ಈ ಮನೆಯಲ್ಲಿ ನನಗೊಬ್ಬಳು ಸರಿಯಾದ ಜೊತೆಗಾತಿ ಸಿಕ್ಕಿದಳೆಂದು ನನಗೆ ಆಗಲೇ ಅನಿಸಿತು.

ಅವಳು ನನ್ನ ಮಾವನ ತಂಗಿ. ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವಳು. ನಾಲ್ಕು ಮಂದಿಯ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು, ಆದರೆ ಆ ಮನೆಯಲ್ಲಿ ನನ್ನದು ಎನ್ನಲು ಅವಳಿಗೆ ಉಟ್ಟ ಸೀರೆ ಬಿಟ್ಟರೆ ಏನೂ ಇರಲಿಲ್ಲ. ಕಲ್ಲನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಕಲ್ಲು ಬರುತ್ತಿದ್ದುದು ಕಚ್ಛದಿಂದ. ನಮ್ಮ ಬಂದರಕ್ಕೆ ಹೆಂಚು, ಮರ ಒಯ್ಯಲು ಬರುವ ಹಾಯಿ ಮಚವೆಗಳು ಖಾಲಿ ಬಂದರೆ ಗಾಳಿಗೆ ಮಗುಚುತ್ತವೆಂದು ಅಲ್ಲಿಯ ಕಲ್ಲನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಬರುತ್ತಿದ್ದವು. ಸರಕು ಹೇರುವ ಮೊದಲು ಅದನ್ನೆಲ್ಲ ದಂಡೆಗೆ ಸುರಿಯುತ್ತಿದ್ದರು. ನಮ್ಮೂರಿನದೆಲ್ಲ ಕೆಂಪು ಚಿರೆಕಲ್ಲು. ಇವು ಅರಿಶಿನದ ಬಣ್ಣದವು. ನೀರಿಳಿದ ಹೊತ್ತಿಗೆ ಗಂಗತ್ತೆ ಆ ರಾಶಿಯಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದಳು. "ಮಾಯೀ, ಪತ್ಥರ್ ಕಾ ಕ್ಯಾ ಕರೇಗೀ?" ಕಲ್ಲನ್ನೇನು ಮಾಡುತ್ತೀ ಎಂದು ಮಚವೆಯ ಖಲಾಸಿಗಳು ಕೀಟಲೆ ಮಾಡಿದರೆ, "ಹುಳಿ ಮಾಡ್ತೆ, ಊಟಕ್ಕೆ ಬಾ!" ಎನ್ನುತ್ತಿದ್ದಳು. ಅವರಿಗೆ ಕನ್ನಡ ಬಾರದು, ಆದರೂ ಬಿದ್ದು ಬಿದ್ದು ನಗುತ್ತಿದ್ದರು.

ಹಿತ್ತಿಲಲ್ಲಿ ಹಳೆಯ ಕತ್ತಿಯ ಬೆನ್ನಿನಿಂದ ಮೆತ್ತಗೆ ತಟ್ಟಿ ತಟ್ಟಿ ಕಲ್ಲನ್ನು ಬಿಡಿಸುತ್ತಿದ್ದಳು. ನಾನು ಚಡಪಡಿಸಿದರೆ, "ಕಲ್ಲಿಗೆ ಗಡಿಬಿಡಿ ಇಲ್ಲೆ, ನಂಗೂ ಇಲ್ಲೆ. ನಿಂಗೊಬ್ಬಳಿಗೆ ಎಂತಕ್ಕೆ?" ಎನ್ನುವಳು. ಬಹಳ ಸಲ ಪುಡಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಒಮ್ಮೊಮ್ಮೆ ಕಲ್ಲು ಎರಡಾಗಿ ಒಳಗಿಂದ ಗೀರುಗೀರಿನ ಸುರುಳಿಯೊಂದು ಹೊರಬೀಳುತ್ತಿತ್ತು, ಥೇಟ್ ಚಕ್ಲಿ. ಅವಳು ಕರೆಯುತ್ತಿದ್ದುದೂ ಚಕ್ಲಿ ಎಂದೇ. ಅಯ್ಯೋ, ಆಗ ಅವಳ ಮುಖ ನೋಡಬೇಕಿತ್ತು!

ಒಂದು ದಿನ ಪೂಜೆಗೆ ಬಂದ ಪುರೋಹಿತ ಭಟ್ಟರ ಕಣ್ಣು ಹಿತ್ತಿಲ ಕಟ್ಟೆಯಲ್ಲಿ ಅವಳು ಜೋಡಿಸಿಟ್ಟ ಚಕ್ಲಿಗಳ ಮೇಲೆ ಬಿತ್ತು. "ಓಹೋಹೋ! ಚಕ್ರ ನೋಡಿ, ಬಂಗಾರದ ಬಣ್ಣ ನೋಡಿ! ಶಾಲಗ್ರಾಮ ಮಾರಾಯ್ರೆ! ಹೆಂಗಸ್ರು ಮುಟ್ಲಾಗ, ಮುಟ್ಲಾಗ!" ಎಂದು ಕೂಗಿದರು. "ಅದು ಕಚ್ಛದವ್ರ ಮಚವೆಯಲ್ಲಿ ಬಂದಿದ್ದು" ಎಂದಳು ಗಂಗತ್ತೆ. ಯಾರು ಕೇಳಬೇಕು? ಮಾವ ಮಡಿಯುಟ್ಟು ಬಂದು ಚಕ್ಲಿಗಳನ್ನೆಲ್ಲ ಆರಿಸಿ ದೇವರ ಪೀಠಕ್ಕೆ ಏರಿಸಿದರು. ಹಾಲು, ತುಳಸಿ, ನೈವೇದ್ಯ ಎಲ್ಲ ಶುರುವಾಯಿತು.

ಗಂಗತ್ತೆ ದಿನಾ ಪೂಜೆಯ ಹೊತ್ತಿಗೆ ದೇವರ ಕೋಣೆಯ ಹೊಸ್ತಿಲಾಚೆ ಕೂತು ನೋಡುತ್ತಿದ್ದಳು. ಭಕ್ತಿ ಎಂದುಕೊಂಡರು ಮನೆಯವರು. "ನಾನೇ ಹೆಕ್ಕಿ ತಂದಿದ್ದು, ನಾನೇ ಮುಟ್ಲಾಗ್ದಡ" ಎಂದು ನನ್ನ ಕಿವಿಯಲ್ಲಿ ಒಮ್ಮೆ ಹೇಳಿದಳು. ಬಂದರದ ಕಡೆ ಹೋಗುವುದನ್ನೂ ಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಹೊಸ ಸೊಸೆ ಬಾಯಿ ಬಿಡುವುದುಂಟೇ?

ಮರುವರ್ಷ ನನ್ನ ತಮ್ಮ ಶ್ರೀಪತಿ ಕತಗಾಲದ ನನ್ನ ತವರಿನಿಂದ ಹಲಸಿನ ಹಪ್ಪಳ ಹೊತ್ತು ಬಂದ. ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದ ಹುಡುಗ. ಮಂಗಳಾರತಿಗೆ ಕೈಮುಗಿದು ನಿಂತವನು ಪೀಠದತ್ತ ಬಗ್ಗಿ, "ಮಾವಯ್ಯಾ, ಇದು ಅಮೋನೈಟು!" ಎಂದು ಕೂಗಿಯೇಬಿಟ್ಟ.

"ಎಂತದು?"

"ಸಮುದ್ರದ ಪ್ರಾಣಿ ಮಾವಯ್ಯ, ಜುರಾಸಿಕ್ ಕಾಲದ್ದು. ಕೋಟಿಗಟ್ಟಲೆ ವರ್ಷ ಮಣ್ಣಲ್ಲಿ ಹುಗಿದು ಕಲ್ಲಾಗಿದ್ದು. ನಮ್ಮ ಬೊಂಡಾಸ ಮೀನು ಇದ್ದಲ, ಅದರ ದಾಯಾದಿ."

ಮಾವನ ಕೈಯ ಗಂಟೆ ನಿಂತಿತು. "ಇಷ್ಟು ದಿನ ನಾ ಮೀನಿಗೆ ಅಭಿಷೇಕ ಮಾಡಿದ್ನನಾ?"

"ಹಾಂಗೆ ನೋಡಿದ್ರೆ ಗಂಡಕಿ ಹೊಳೆಯ ಶಾಲಗ್ರಾಮವೂ..." ಎಂದು ತಮ್ಮ ಬಾಯಿ ತೆರೆದ. ನಾನು ಅವನ ಕಾಲನ್ನು ಬಲವಾಗಿ ತುಳಿದೆ. ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು.

ಮಾವ ಸೌಟಿನಲ್ಲಿ ಒಂದೊಂದೇ ಚಕ್ಲಿಯನ್ನು ಎತ್ತಿ ಬಾಳೆ ಎಲೆಗೆ ಹಾಕಿದರು. ಮುಟ್ಟಲು ಅವರಿಗೆ ಹೇಸಿಗೆ. "ಗಂಗೇ, ಹೊಳೆಗೆ ಚೆಲ್ಲಿ ಬಾ. ಆಮೇಲೆ ಕೋಣೆಗೆ ಸಗಣಿ ಸಾರಿಸು."

"ಚೆಲ್ತಿಲ್ಲೆ" ಎಂದಳು ಗಂಗತ್ತೆ.

ಅಣ್ಣನಿಗೆ ಅವಳು ಎದುರಾಡಿದ್ದನ್ನು ಆ ಮನೆಯ ಗೋಡೆಯೂ ಕೇಳಿರಲಿಲ್ಲ. "ದೇವ್ರು ಅಂತ ಹೇಳಿ ನೀ ತಗಂಡೆ, ನಾ ಎಂತಾದ್ರೂ ಹೇಳಿದ್ನ ಅಣ್ಣ? ಈಗ ಮೀನು ಅಂತ ಹೇಳಿ ಆತು. ಹಂಗಾರೆ ನಂದು. ಕೊಡು ಇತ್ಲಾಗೆ."

ಅವಳು ಬಾಳೆ ಎಲೆ ಎಳೆದುಕೊಂಡು, ಎಲ್ಲವನ್ನೂ ಮಡಿಲಿಗೆ ಸುರಿದುಕೊಂಡು ಹೋದಳು. ಮೀನು ಒಳಗೆ ಬರಕೂಡದೆಂದು ಮಾವ ಗೊಣಗಿದ್ದಕ್ಕೆ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟುಕೊಂಡಳು. ಮಾರನೆಯ ದಿನ ಬೆಳಿಗ್ಗೆ ಮತ್ತೆ ಬಂದರಕ್ಕೆ ಹೋದಳು. ನಾನೂ ಜೊತೆಗೆ ಹೋದೆ.

ಆಮೇಲಿನ ವರ್ಷಗಳಲ್ಲಿ ಸರಕೆಲ್ಲ ಲಾರಿ ಹತ್ತಿ, ಮಚವೆಗಳು ಬರುವುದು ಕಡಿಮೆಯಾಯಿತು. ಅರವತ್ತೇಳರ ಮಳೆಗಾಲದಲ್ಲಿ ಗಂಗತ್ತೆ ಜ್ವರ ಬಂದು ಮಲಗಿದವಳು ಏಳಲಿಲ್ಲ. ಕೊನೆಯ ದಿನ ಮಧ್ಯಾಹ್ನ, "ತಂಗಿ, ದೊಡ್ಡ ಚಕ್ಲಿ ತಗಂಡು ಬಾ" ಎಂದಳು. ತಂದುಕೊಟ್ಟೆ. ಅದರ ಗೀರುಗಳ ಮೇಲೆ ಹೆಬ್ಬೆರಳಾಡಿಸುತ್ತ ಮಲಗಿದ್ದಳು. ಸಂಜೆಯ ಹೊತ್ತಿಗೆ ಬೆರಳು ನಿಂತಿತ್ತು.

ಅಂಗಳದಲ್ಲಿ ಮಲಗಿಸಿ ಮೀಯಿಸಿದೆವು. ಚಕ್ಲಿ ಹಿಡಿದ ಮುಷ್ಟಿ ಮಾತ್ರ ಬಿಗಿದೇ ಇತ್ತು. ಭಟ್ಟರು ನೋಡಿ, "ಛೆ ಛೆ, ಆ ಮೀನಿನ ಕಲ್ಲು ತೆಗೀರಿ ಮೊದ್ಲು" ಎಂದರು. ನಾನು ಬಗ್ಗಿ ಬೆರಳು ಬಿಡಿಸಲು ಹೋದೆ. ಕಣ್ಣೀರಿನಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ.

ಮಾವ ನನ್ನ ಕೈ ಸರಿಸಿ, ತಂಗಿಯ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟರು.

"ಇರ್ಲಿ ಬಿಡಿ ಭಟ್ರೇ" ಎಂದರು. "ಅದು ಗಂಗೆದು."