ದುರ್ಗವ್ವ ಇಟ್ಟ ಪೆನಾಲ್ಟಿ ಚುಕ್ಕಿ

ಭಾನುವಾರ ಬೆಳಗಿನ ಐದೂವರೆ. ರಾತ್ರಿ ಪಾಳಿ ಮುಗಿಸಿದವರನ್ನು ಹೊತ್ತ ಬಸ್ಸುಗಳು ಹೊಸೂರು ರಸ್ತೆಯಲ್ಲಿ ಒಂದರ ಹಿಂದೊಂದು ಹೋಗುತ್ತಿವೆ. ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗೆ, ಹೆಬ್ಬಗೋಡಿಯ ಕಾಲೇಜು ಮೈದಾನದಲ್ಲಿ ಹೆಂಗಸೊಬ್ಬರು ಒಂಟಿಯಾಗಿ ಗೂಟದಿಂದ ಗೂಟಕ್ಕೆ ದಾರ ಕಟ್ಟುತ್ತಿದ್ದಾರೆ. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ. ತಲೆಗೆ ಟವೆಲ್ ಸುತ್ತಿದ್ದಾರೆ. ದಾರ ಬಿಗಿಯಾದ ಮೇಲೆ ಸುಣ್ಣದ ಪುಡಿ ತುಂಬಿದ ಮೂರು ಗಾಲಿಯ ಗಾಡಿಯನ್ನು ಅದರ ಪಕ್ಕದಲ್ಲೇ ತಳ್ಳಿಕೊಂಡು ಹೊರಡುತ್ತಾರೆ. ಅವರ ಹಿಂದೆ ಬಿಳಿ ಗೆರೆ ಮೂಡುತ್ತ ಬರುತ್ತದೆ.

ಇವರು ದುರ್ಗವ್ವ. ವಯಸ್ಸು ಐವತ್ನಾಲ್ಕು. ಎಲೆಕ್ಟ್ರಾನಿಕ್ ಸಿಟಿ ಸುತ್ತಲಿನ ಎಂಟು ಕಾಲೇಜುಗಳ ಹುಡುಗಿಯರ ಫುಟ್‌ಬಾಲ್ ಲೀಗ್ ನಡೆಯುವುದು ಇದೇ ಮೈದಾನದಲ್ಲಿ. ಒಂಬತ್ತು ವಾರ, ಮೂವತ್ತೊಂದು ಪಂದ್ಯ. ಇವತ್ತು ಫೈನಲ್. ಮೈದಾನದ ಗೆರೆಗಳನ್ನೆಲ್ಲ ಕೂಡಿಸಿದರೆ ಆರುನೂರೈವತ್ತು ಮೀಟರಿಗೂ ಹೆಚ್ಚು. ದಾರ ಹಿಡಿದು ಒಂದು ಸುತ್ತು, ಗಾಡಿ ತಳ್ಳುತ್ತ ಇನ್ನೊಂದು ಸುತ್ತು. ಆಟ ಶುರುವಾಗುವ ಹೊತ್ತಿಗೆ ದುರ್ಗವ್ವನ ಕೆಲಸ ಮುಗಿದಿರುತ್ತದೆ. ಆಟ ಮುಗಿಯುವ ಹೊತ್ತಿಗೆ ಗೆರೆ ಅಳಿಸಿ ಹೋಗಿರುತ್ತದೆ.

ಕುಷ್ಟಗಿ ಹತ್ತಿರದ ಹಳ್ಳಿಯಿಂದ ಗಂಡ ಹಣಮಂತನ ಜೊತೆ ಅವರು ಬಂದದ್ದು ಹನ್ನೊಂದು ವರ್ಷದ ಹಿಂದೆ, ಇದೇ ಕಾಲೇಜಿನ ಮೂರನೇ ಕಟ್ಟಡಕ್ಕೆ ಇಟ್ಟಿಗೆ ಹೊರಲು. ಕಟ್ಟಡ ಏಳುತ್ತಿರುವಾಗಲೇ ಹಣಮಂತ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಕೆಲಸ ಮುಗಿದಾಗ ಜೊತೆಯ ಕೂಲಿಯವರೆಲ್ಲ ಕುಂದಲಹಳ್ಳಿಯ ಕಡೆ ಇನ್ನೊಂದು ಕಟ್ಟಡಕ್ಕೆ ಹೋದರು. ಮೈದಾನಕ್ಕೆ ನೀರು ಬಿಡಲು ಒಬ್ಬರು ಬೇಕೆಂದು ಕಾಲೇಜಿನವರು ಕೇಳಿದಾಗ ದುರ್ಗವ್ವ ಉಳಿದರು. ಗೋಲ್ ಕಂಬದ ಹಿಂದಿರುವ ತಗಡಿನ ಕೋಣೆಯೇ ಅಂದಿನಿಂದ ಅವರ ಮನೆ.

"ಊರಿಗೆ ಹೋಗಿ ಏನ್ ಮಾಡ್ಲಿರಿ? ಅಲ್ಲಿ ನನಗ ಕಾಯಾವ್ರು ಯಾರದಾರ? ಇಲ್ಲೀನೂ ಯಾರಿಲ್ಲ ಬಿಡ್ರಿ. ಆದ್ರ ಇಲ್ಲಿ ಕೆಲಸರ ಐತಿ," ಎನ್ನುತ್ತಾರೆ.

ಗೆರೆ ಎಳೆಯುವುದನ್ನು ಕಲಿಸಿದವರು ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ರಾಜೇಂದ್ರ. ಲೀಗಿನ ಕಾರ್ಯದರ್ಶಿಯೂ ಅವರೇ. ದುರ್ಗವ್ವನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಹಾಗಾಗಿ ಒಂದೊಂದು ಅಳತೆಗೂ ಒಂದೊಂದು ನೂಲಿನ ಹಗ್ಗ ಕತ್ತರಿಸಿ ಕೊಟ್ಟಿದ್ದರು. ಗೋಲ್ ಗೆರೆಯಿಂದ ಪೆನಾಲ್ಟಿ ಚುಕ್ಕಿಗೆ ಹನ್ನೊಂದು ಮೀಟರ್. ಅದಕ್ಕೆ ಒಂದು ಹಗ್ಗ. ಹಗ್ಗ ಹಿಡಿದಾದ ಮೇಲೆ ದುರ್ಗವ್ವ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಪಾದದಿಂದ ಅಳೆದು ನೋಡುತ್ತಿದ್ದರು. ನಲವತ್ತೈದು ಪಾದ ಬಂದರೆ ಸರಿ.

ಲೀಗ್ ಇಲ್ಲದ ತಿಂಗಳುಗಳಲ್ಲಿ ಈ ಮೈದಾನಕ್ಕೆ ಯಾರೂ ಬರುವುದಿಲ್ಲ. ಕೆಲವು ದಿನ ಒಂದು ಮಾತನ್ನೂ ಆಡದೆ ಮಲಗಿದ್ದುಂಟು ಎಂದು ದುರ್ಗವ್ವ ಹೇಳುತ್ತಾರೆ. ಬೆಂಗಳೂರಿನವರ ಬಾಯಲ್ಲಿ ಅವರು ದುರ್ಗಮ್ಮ. ಅವರನ್ನು ಯವ್ವಾ ಎಂದು ಕರೆಯುತ್ತಿದ್ದವಳು ಶಾಂಭವಿ ಮಾತ್ರ. ಗಂಗಾವತಿ ಕಡೆಯ ಹುಡುಗಿ, ಬೊಮ್ಮಸಂದ್ರ ಕಡೆಯ ಪಾಲಿಟೆಕ್ನಿಕ್ ತಂಡದ ನಾಯಕಿ, ಕೊನೆಯ ವರ್ಷದ ವಿದ್ಯಾರ್ಥಿನಿ. ಮೂರು ವರ್ಷದಿಂದ ಅಭ್ಯಾಸಕ್ಕೆ ಬಂದಾಗೆಲ್ಲ ಈ ಕೋಣೆಯಲ್ಲಿ ಕೂತು ನೀರು ಕುಡಿದು, ಊರ ಮಾತು ಆಡಿ ಹೋಗುತ್ತಿದ್ದಳು.

ಏಳನೇ ವಾರದ ಶುಕ್ರವಾರ ಸಂಜೆ ಅಭ್ಯಾಸದ ನಡುವೆ ಮಳೆ ಸುರಿಯಿತು. ಶಾಂಭವಿಯ ತಂಡ ಓಡಿ ಬಂದು ಕೋಣೆ ಸೇರಿತು. ಹದಿನಾಲ್ಕು ಹುಡುಗಿಯರು, ಕಾಲಿಡಲು ಜಾಗವಿಲ್ಲ. ದುರ್ಗವ್ವ ಎರಡು ಸಲ ಚಹಾ ಕಾಸಿದರು. ಆ ಸಂಭ್ರಮದಲ್ಲಿ ಪೆನಾಲ್ಟಿ ಚುಕ್ಕಿಯ ಹಗ್ಗ ಹೊರಗೆ ಪಂಪಿನ ಬಳಿ ಉಳಿದದ್ದು ಅವರಿಗೆ ನೆನಪಾಗಲಿಲ್ಲ. ಹಗ್ಗ ರಾತ್ರಿಯಿಡೀ ನೆನೆಯಿತು. ನೆನೆದ ನೂಲು ಕುಗ್ಗಿತು.

ಶನಿವಾರ ಬೆಳಿಗ್ಗೆಯೂ ಹನಿಯುತ್ತಿತ್ತು. ಅವಸರದಲ್ಲಿ ಅದೇ ಹಗ್ಗ ಹಿಡಿದು ಚುಕ್ಕಿ ಇಟ್ಟರು. ಪಾದದ ಅಳತೆ ನೋಡಲಿಲ್ಲ. ಅಂದಿನ ಎರಡನೇ ಪಂದ್ಯ ಶಾಂಭವಿಯ ತಂಡದ್ದು. ಗೆದ್ದರೆ ಸೆಮಿಫೈನಲ್. ಕೊನೆಯ ನಿಮಿಷದವರೆಗೂ ಗೋಲಿಲ್ಲ. ಆಗ ಪೆನಾಲ್ಟಿ ಸಿಕ್ಕಿತು. ಶಾಂಭವಿ ಒದ್ದಳು, ಚೆಂಡು ಗೋಲ್ ಕೀಪರಿನ ಬೆರಳಿಗೆ ಸವರಿ ಬಲೆಗೆ ಬಿತ್ತು. ಪಂದ್ಯ ಮುಗಿದದ್ದೇ ಅವಳು ಓಡಿ ಬಂದು ದುರ್ಗವ್ವನನ್ನು ಅಪ್ಪಿಕೊಂಡಳು.

ಸಂಜೆ ಎಲ್ಲರೂ ಹೋದ ಮೇಲೆ, ಚುಕ್ಕಿಯ ಬಳಿ ಬೂಟು ಕಿತ್ತ ಮಣ್ಣನ್ನು ಸರಿಮಾಡಲು ದುರ್ಗವ್ವ ಗೋಲ್ ಗೆರೆಯಿಂದ ಹೊರಟರು. ಅಭ್ಯಾಸಬಲದಿಂದ ಕಾಲು ತಾನೇ ಪಾದಕ್ಕೆ ಪಾದ ಸೇರಿಸಿತು.

"ನಲವತ್ತಮೂರಕ್ಕ ಚುಕ್ಕಿ ಬಂತ್ರಿ. ಮತ್ತ ಅಳದೆ. ಮೂರು ಸಲ ಅಳದೆ. ಕೂಸು ಗೆದ್ದಾಳ, ಸುಮ್ನಿರು ಅಂತ ಒಂದು ಮನಸ್ಸು. ಆ ಗೋಲ್ ಕಾಯೋ ಹುಡುಗೀನೂ ಯಾರದೋ ಕೂಸಲ್ಲೇನು ಅಂತ ಇನ್ನೊಂದು ಮನಸ್ಸು."

ಮರುದಿನ ಬೆಳಿಗ್ಗೆ ರಾಜೇಂದ್ರ ಮೇಷ್ಟ್ರು ಗೇಟಿನೊಳಗೆ ಬರುತ್ತಲೇ ದುರ್ಗವ್ವ ಅವರಿಗೆ ಎಲ್ಲವನ್ನೂ ಹೇಳಿದರು. ಯಾರೂ ದೂರು ಕೊಟ್ಟಿಲ್ಲ, ಸುಮ್ಮನೆ ಬಿಟ್ಟುಬಿಡಿ ಎಂದು ಮೇಷ್ಟ್ರು ಎರಡು ಸಲ ಹೇಳಿ ನೋಡಿದರು. ದುರ್ಗವ್ವ ಅಲ್ಲಿಂದ ಕದಲಲಿಲ್ಲ. ಕೊನೆಗೆ ಮೇಷ್ಟ್ರು ಟೇಪು ತರಿಸಿ ಅಳೆದರು. ನಲವತ್ತೆಂಟು ಸೆಂಟಿಮೀಟರ್ ಕಡಿಮೆ. ಅಂದಿನ ಪಂದ್ಯಗಳಿಗೆ ಚುಕ್ಕಿಯನ್ನು ಅವರೇ ಇಟ್ಟರು. ಸಂಜೆ ಲೀಗಿನ ಸಮಿತಿ ಸೇರಿ, ಶನಿವಾರದ ಆ ಪಂದ್ಯವನ್ನು ಬುಧವಾರ ಮತ್ತೆ ಆಡಿಸಲು ತೀರ್ಮಾನಿಸಿತು. ಗೆರೆಯ ಕೆಲಸಕ್ಕೆ ಬೇರೆಯವರನ್ನು ನೋಡೋಣ ಎಂಬ ಮಾತೂ ಬಂತು. ಅದನ್ನು ಕೇಳಿಸಿಕೊಂಡೇ ದುರ್ಗವ್ವ ಕುರ್ಚಿಗಳನ್ನು ಒಳಗಿಟ್ಟರು.

ಬುಧವಾರ ಶಾಂಭವಿಯ ತಂಡ ಎರಡು ಗೋಲುಗಳಿಂದ ಸೋತಿತು. ಲೀಗಿನಿಂದ ಹೊರಬಿತ್ತು. ಹುಡುಗಿಯರು ಬಸ್ಸು ಹತ್ತುವಾಗ ಶಾಂಭವಿಯೊಬ್ಬಳು ತಿರುಗಿ ಬಂದಳು. "ನಿಮಗ ಯಾರ್ ಕೇಳಿದ್ರು ಯವ್ವಾ?" ಎಂದಳು. ಉತ್ತರಕ್ಕೆ ಕಾಯದೆ ಹೋದಳು. ಆಮೇಲೆ ಬಂದಿಲ್ಲ.

"ಆಕೀದು ತಪ್ಪಿಲ್ರಿ. ಆಕಿ ಒದ್ದಿದ್ದೂ ಬರೋಬ್ಬರಿ ಇತ್ತು. ನಾ ಇಟ್ಟ ಚುಕ್ಕೀನೇ ತಪ್ಪಿತ್ತು," ಎನ್ನುವಾಗ ದುರ್ಗವ್ವ ಗಾಡಿಯ ಗಾಲಿಗೆ ಮೆತ್ತಿದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿರುತ್ತಾರೆ.

ಬೇರೆಯವರನ್ನು ತರುವ ಮಾತು ಅಲ್ಲಿಗೇ ನಿಂತಿತು. ನಿಲ್ಲಿಸಿದವರು ರಾಜೇಂದ್ರ. "ಅವ್ರ ಜಾಗದಲ್ಲಿ ನಾನಿದ್ದಿದ್ರೆ ಹೇಳ್ತಿರ್ಲಿಲ್ಲ ಸಾರ್, ಸುಳ್ಳು ಯಾಕೆ," ಎಂದು ಅವರು ನನ್ನ ಮುಖ ನೋಡದೆ ಹೇಳುತ್ತಾರೆ. ಸೆಮಿಫೈನಲ್‌ಗೆ ಮುಂಚೆ ಹಗ್ಗಗಳನ್ನೆಲ್ಲ ತೆಗೆದು ಉಕ್ಕಿನ ಟೇಪು ಕೊಟ್ಟಿದ್ದಾರೆ. ಅದಕ್ಕಾಗಿ ದುರ್ಗವ್ವ ಈ ವಯಸ್ಸಿನಲ್ಲಿ ಅಂಕಿ ಕಲಿತಿದ್ದಾರೆ. ಮೊದಲು ಕಲಿತದ್ದು ಹನ್ನೊಂದು. ಎರಡು ಕೋಲು ಪಕ್ಕಪಕ್ಕ ನಿಂತಂತೆ ಇರುತ್ತದೆ, ಅದು ಸುಲಭ ಎನ್ನುತ್ತಾರೆ.

ಫೈನಲ್ ಶುರುವಾದಾಗ ಕಟ್ಟೆಯ ಮೇಲೆ ಮುನ್ನೂರು ಜನ. ದುರ್ಗವ್ವ ನಿಂತಿರುವುದು ಪಂಪಿನ ಮನೆಯ ಹಿಂದೆ. ಅವರ ಕಣ್ಣು ಚೆಂಡಿನ ಮೇಲಿಲ್ಲ. ಗೇಟಿನಿಂದ ಒಳಗೆ ಬರುವ ಹುಡುಗಿಯರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ. ಪಾಲಿಟೆಕ್ನಿಕ್‌ನವರು ಯಾರೂ ಬಂದಿಲ್ಲ. ಪಂದ್ಯ ಸಮಬಲವಾಗಿ ಪೆನಾಲ್ಟಿಗೆ ಹೋಗುತ್ತದೆ. ಹತ್ತು ಸಲ ಚೆಂಡು ಅವರು ಇಟ್ಟ ಚುಕ್ಕಿಯ ಮೇಲೆ ಕೂರುತ್ತದೆ. ಚುಕ್ಕಿಯ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಕಪ್ ಕೊಡುವಾಗ ಆಂಬುಲೆನ್ಸ್‌ನವರಿಗೂ ಮೈಕಿನವರಿಗೂ ವಂದನೆ ಸಲ್ಲುತ್ತದೆ. ದುರ್ಗವ್ವನ ಹೆಸರು ಬರುವುದಿಲ್ಲ. ಅವರು ಅದನ್ನು ಗಮನಿಸಿದಂತೆಯೂ ಇಲ್ಲ.

ಜನ ಕರಗುತ್ತಾರೆ. ಇನ್ನು ಮುಂದಿನ ವರ್ಷದವರೆಗೆ ಇಲ್ಲಿ ಗೆರೆ ಬೇಕಿಲ್ಲ. ಶಾಂಭವಿ ಓದು ಮುಗಿಸಿ ಹೋಗುತ್ತಾಳಲ್ಲ, ಒಮ್ಮೆ ಸಿಕ್ಕರೆ ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ದುರ್ಗವ್ವ ಟೇಪನ್ನು ಸುತ್ತಿ ಗಾಡಿಯ ಮೇಲಿಡುತ್ತಾರೆ.

"ಹೇಳೋದೇನೂ ಇಲ್ರಿ," ಎನ್ನುತ್ತಾರೆ ಆಮೇಲೆ. "ಆಕಿ ಎಲ್ಲೇ ಆಡ್ಲಿ, ಅಲ್ಲಿ ಗೆರಿ ಹಾಕಾವ್ರು ನೆಟ್ಟಗ ಹಾಕ್ಲಿ. ಅಷ್ಟ."